ಔಷಧಿ ಹೊಡೆಯುವ ಡ್ರೋನಿಗೂ ಕ್ಷಿಪಣಿ ನಿಯಮವೇ?

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಘಟಕವಿದೆ. ಬೆಳೆಗೆ ಔಷಧಿ ಹೊಡೆಯುವ, 10 ಲೀಟರ್ ಟ್ಯಾಂಕಿನ ಡ್ರೋನ್ ಮಾಡುತ್ತೇವೆ. ಕೀನ್ಯಾದಿಂದ ಆರ್ಡರ್ ಬಂದಿದೆ. ಸ್ಕೊಮೆಟ್ (ಸೇನೆಗೂ ಬಳಕೆಯಾಗಬಲ್ಲ ಸರಕುಗಳ ರಫ್ತು ನಿಯಂತ್ರಣ ಪಟ್ಟಿ) ಅನುಮತಿ ಇಲ್ಲದಿದ್ದರೆ ಕಸ್ಟಮ್ಸ್‌ನಲ್ಲಿ ಮಾಲು ನಿಲ್ಲುತ್ತದೆ ಎನ್ನುತ್ತಾರೆ ಕ್ಲಿಯರಿಂಗ್ ಏಜೆಂಟರು. ಕ್ಷಿಪಣಿಗೆ ಮಾಡಿದ ನಿಯಮ ರೈತರ ಡ್ರೋನಿಗೇಕೆ?

ಉತ್ತರ: ಏಜೆಂಟರು ಹೇಳಿದ್ದು ಸರಿ. ಆದರೆ ನಿಮ್ಮ ಮಾಲಿಗೆ ದಾರಿ ಸಲೀಸಾಗಿಯೇ ಇದೆ.

1987ರಲ್ಲಿ ಏಳು ದೇಶಗಳು ಸೇರಿ ಕ್ಷಿಪಣಿ ತಂತ್ರಜ್ಞಾನದ ಮಾರಾಟಕ್ಕೆ ಕಡಿವಾಣ ಹಾಕಲು ಎಂಟಿಸಿಆರ್ ಎಂಬ ಕೂಟ ಕಟ್ಟಿದವು. 500 ಕೆ.ಜಿ. ಹೊತ್ತು 300 ಕಿ.ಮೀ. ಹೋಗಬಲ್ಲದ್ದು ಅದರ ಅತಿ ಬಿಗಿಯಾದ ವರ್ಗ. ಪೈಲಟ್ ಇಲ್ಲದ ವಿಮಾನಗಳೂ ಆ ಲೆಕ್ಕದೊಳಗೇ ಇವೆ. ಮುಂದೆ ರಾಸಾಯನಿಕ, ಜೈವಿಕ ಅಸ್ತ್ರಗಳ ಭಯವೂ ಸೇರಿಕೊಂಡಾಗ ಸಿಂಪಡಿಸುವ ಡ್ರೋನ್ ಪಟ್ಟಿಯೊಳಗೆ ಬಂತು. ಭಾರತ 2016ರ ಜೂನ್‌ನಲ್ಲಿ ಈ ಕೂಟ ಸೇರಿತು. ಕೂಟಕ್ಕೆ ಸ್ವಂತ ಪೊಲೀಸರೂ ಇಲ್ಲ, ಕೋರ್ಟೂ ಇಲ್ಲ. ಅಲ್ಲಿ ಒಪ್ಪಿದ್ದನ್ನು ಆಯಾ ದೇಶ ತನ್ನ ಕಾನೂನಿನಲ್ಲಿ ಜಾರಿ ಮಾಡಬೇಕು. ನಮ್ಮಲ್ಲಿ ಆ ಕೆಲಸ ಮಾಡುವುದು ಡಿಜಿಎಫ್‌ಟಿ, ಅಂದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಹೊರಡಿಸುವ ಸ್ಕೊಮೆಟ್ ಪಟ್ಟಿ. ಡ್ರೋನ್ ಅದರ 5ನೇ ವಿಭಾಗದಲ್ಲಿದೆ.

ನೀವು ಮೊದಲು ನೋಡಬೇಕಾದದ್ದು ಟ್ಯಾಂಕು. ಕಣ್ಣಳತೆ ಮೀರಿ ಅಥವಾ ತಾನಾಗಿ ಹಾರಬಲ್ಲ ಡ್ರೋನಿನಲ್ಲಿ 20 ಲೀಟರ್‌ಗಿಂತ ದೊಡ್ಡ ಸಿಂಪಡಣಾ ವ್ಯವಸ್ಥೆ ಇದ್ದರೆ ಅದು ಎಂಟಿಸಿಆರ್ ಹೆಸರಿಸಿದ ವಸ್ತು. ನಿಮ್ಮದು 10 ಲೀಟರ್, ಹಾಗಾಗಿ ತೊಂದರೆಯಿಲ್ಲ. ಆದರೆ ಅದೇ ಫ್ರೇಮಿಗೆ 30 ಲೀಟರ್ ಟ್ಯಾಂಕ್ ಕೂರಿಸಲು ಬ್ರಾಕೆಟ್ ಕೊಟ್ಟು, ಕೆಟಲಾಗಿನಲ್ಲಿ ಅದನ್ನೇ ಹೆಚ್ಚುಗಾರಿಕೆಯೆಂದು ಅಚ್ಚು ಹಾಕಿದ್ದರೆ ಮಾತು ಬೇರೆ. ನಿಯಮ ಹಿಡಿಯುವುದು ಕೂರಿಸಿದ ಟ್ಯಾಂಕನ್ನಷ್ಟೇ ಅಲ್ಲ, ಕೂರಿಸಲೆಂದು ಮಾಡಿದ ವಿನ್ಯಾಸವನ್ನೂ.

ಎರಡನೆಯದು ನಾಜಲ್. ಹನಿಯ ಸರಾಸರಿ ಗಾತ್ರ 50 ಮೈಕ್ರಾನ್‌ಗಿಂತ ಕಡಿಮೆ, ಹರಿವು ನಿಮಿಷಕ್ಕೆ 2 ಲೀಟರ್‌ಗಿಂತ ಹೆಚ್ಚು, ಈ ಎರಡೂ ಒಟ್ಟಿಗೆ ಇದ್ದರೆ ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳ ಮೇಲೆ ಕಣ್ಣಿಟ್ಟಿರುವ ಆಸ್ಟ್ರೇಲಿಯಾ ಗ್ರೂಪ್‌ನ ಪಟ್ಟಿ ಅನ್ವಯಿಸುತ್ತದೆ. ಅಷ್ಟು ಸಣ್ಣ ಹನಿ ಎಲೆಯ ಮೇಲೆ ಇಳಿಯದೆ ಗಾಳಿಯಲ್ಲಿ ತೇಲುತ್ತದೆ, ಉಸಿರಿನೊಳಗೆ ಸೇರುತ್ತದೆ. ಬೆಳೆಗೆ ಔಷಧಿ ಹೊಡೆಯುವವರಿಗೆ ಅದು ಬೇಡವೇ ಬೇಡ, ಪಕ್ಕದ ಹೊಲಕ್ಕೆ ಹಾರಿಹೋಗುತ್ತದೆ. ನಾಜಲ್ ತಯಾರಕರಿಂದ ಹನಿ ಗಾತ್ರದ ತಾಂತ್ರಿಕ ಹಾಳೆ ತರಿಸಿ ಕಡತದಲ್ಲಿಡಿ.

ಮೂರನೆಯದು ದೂರ. ಹೆಚ್ಚಿನವರು ಎಡವುವುದು ಇಲ್ಲೇ. ರಿಮೋಟಿನ ಸಿಗ್ನಲ್ 2 ಕಿ.ಮೀ. ಎಂದು ಅರ್ಜಿಯಲ್ಲಿ ಅದನ್ನೇ ಬರೆಯುತ್ತಾರೆ. ಎಂಟಿಸಿಆರ್ ಲೆಕ್ಕದಲ್ಲಿ ಸಿಗ್ನಲಿಗೂ ಸ್ಥಳೀಯ ಹಾರಾಟ ನಿಯಮಕ್ಕೂ ಬೆಲೆಯಿಲ್ಲ. ಬ್ಯಾಟರಿ ತುಂಬಿದ ಡ್ರೋನ್ ಅತಿ ಮಿತವ್ಯಯದ ವೇಗದಲ್ಲಿ, ವಾಪಸ್ ಬರುವ ಗೊಡವೆಯಿಲ್ಲದೆ, ಎಷ್ಟು ದೂರ ಹೋಗಬಲ್ಲದೋ ಅದೇ ದೂರ. ಸೆಕೆಂಡಿಗೆ 10 ಮೀಟರ್‌ನಂತೆ 20 ನಿಮಿಷ ಹಾರಿದರೆ 12 ಕಿ.ಮೀ. ಸೆಕೆಂಡಿಗೆ 15 ಮೀಟರ್‌ನಂತೆ 90 ನಿಮಿಷ ಹಾರುವ ರೆಕ್ಕೆಯ ಸರ್ವೆ ಡ್ರೋನ್ ಆದರೆ 81 ಕಿ.ಮೀ.

ಈ ಲೆಕ್ಕ ಏಕೆಂದರೆ, 2023ರ ಜೂನ್‌ನಲ್ಲಿ ಡಿಜಿಎಫ್‌ಟಿ ಜಿಎಇಡಿ ಎಂಬ ಸಾಮಾನ್ಯ ಅನುಮತಿಯನ್ನು ತಂದಿತು. ಪಟ್ಟಿಯ ಬೇರೆ ನಮೂದುಗಳಿಗೆ ಸಿಕ್ಕದ, 25 ಕಿ.ಮೀ. ಒಳಗಿನ, 25 ಕೆ.ಜಿ. ಮೀರದ ಹೊರೆಯ, ನಾಗರಿಕ ಬಳಕೆಯ ಡ್ರೋನಿಗೆ ಒಮ್ಮೆ ಪಡೆದರೆ ಮೂರು ವರ್ಷ ನಡೆಯುತ್ತದೆ. ಅದಕ್ಕೂ ಮೊದಲು ಪ್ರತಿ ಆರ್ಡರಿಗೂ ಅರ್ಜಿ ಹಾಕಬೇಕಿತ್ತು. ಐಇಸಿ (ಆಮದು-ರಫ್ತುದಾರರ ಸಂಕೇತ ಸಂಖ್ಯೆ) ಇದ್ದರೆ ಡಿಜಿಎಫ್‌ಟಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಿ; ಮಾಲು ಹೋದ ಮೇಲೆ ವಿವರ ಸಲ್ಲಿಸುವುದನ್ನು ಮರೆಯಬೇಡಿ. ಪಟ್ಟಿ ಆಗಾಗ ಪರಿಷ್ಕರಣೆಯಾಗುತ್ತದೆ, ಆದ್ದರಿಂದ ಹಳೆಯ ಪಿಡಿಎಫ್ ನಂಬಿ ಕೂರಬೇಡಿ.

ಪ್ರಶ್ನೆ: ಡ್ರೋನಿಗೆ ಥರ್ಮಲ್ ಕ್ಯಾಮೆರಾ ಸೇರಿಸಿ ಕಳಿಸಿ ಎನ್ನುತ್ತಾರೆ ಗ್ರಾಹಕರು. 30 ಹರ್ಟ್ಸ್‌ನದ್ದೇ ಬೇಕಂತೆ, ಅಂದರೆ ಸೆಕೆಂಡಿಗೆ 30 ಚಿತ್ರ. ಏನಾದರೂ ತೊಡಕಿದೆಯೇ?

ಉತ್ತರ: ಇದೆ. ಇಲ್ಲಿ ಸಾಂಪ್ರದಾಯಿಕ ಶಸ್ತ್ರಾಸ್ತ್ರ ಮತ್ತು ಸೇನೆಗೂ ಬಳಕೆಯಾಗಬಲ್ಲ ಸರಕುಗಳ ರಫ್ತಿನ ಮೇಲೆ ಕಣ್ಣಿಟ್ಟಿರುವ ವಾಸೆನಾರ್ ಒಪ್ಪಂದ ಎದುರಾಗುತ್ತದೆ. ಭಾರತ 2017ರ ಡಿಸೆಂಬರ್‌ನಲ್ಲಿ ಸೇರಿದ ಈ ಕೂಟದ ಪಟ್ಟಿ ಸ್ಕೊಮೆಟ್‌ನ 8ನೇ ವಿಭಾಗದಲ್ಲಿದೆ. ಕೂಲಿಂಗ್ ಇಲ್ಲದ ಸಾಮಾನ್ಯ ಥರ್ಮಲ್ ಕ್ಯಾಮೆರಾ ಸೆಕೆಂಡಿಗೆ 9 ಚಿತ್ರ ಮೀರದಿದ್ದರೆ ಅದಕ್ಕೆ ವಿನಾಯಿತಿ. 30 ಆದರೆ ಇಲ್ಲ. ಓಡುವ ವಾಹನವನ್ನು ಬೆನ್ನಟ್ಟಿ ಗುರಿಯಿಡಲು 9 ಚಿತ್ರ ಸಾಲದು. ಗಿಡ ಎಲ್ಲಿಗೂ ಓಡುವುದಿಲ್ಲವಲ್ಲ, ನೀರಿನ ಕೊರತೆ ಪತ್ತೆಗೆ 9 ಧಾರಾಳ. ಗ್ರಾಹಕರಿಗೆ ಇದನ್ನು ಹೇಳಿ ನೋಡಿ. ಆಗಲೂ 30 ಬೇಕೆಂದರೆ ಏಕೆಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಆಮೇಲೆ ಪ್ರತ್ಯೇಕ ಲೈಸೆನ್ಸಿಗೆ ಅರ್ಜಿ. ಅದನ್ನು ಹಲವು ಸಚಿವಾಲಯಗಳ ಅಧಿಕಾರಿಗಳ ಗುಂಪು ಪರಿಶೀಲಿಸುತ್ತದೆ. ಖರೀದಿ ಆದೇಶ, ತಾಂತ್ರಿಕ ವಿವರ, ಅಂತಿಮ ಬಳಕೆದಾರರ ಪ್ರಮಾಣಪತ್ರ ಬೇಕು. ನಡುವೆ ಡೀಲರ್ ಇದ್ದರೆ ಅವರದ್ದೂ ಬೇಕು. ಅರ್ಜಿಗಳು ಸಿಕ್ಕಿಬೀಳುವುದು ಸಣ್ಣ ವಿಷಯಗಳಲ್ಲಿ: ಖರೀದಿ ಆದೇಶದಲ್ಲಿ ಒಂದು ಮಾದರಿ ಸಂಖ್ಯೆ, ಪ್ರಮಾಣಪತ್ರದಲ್ಲಿ ಇನ್ನೊಂದು, ಬಳಕೆಯ ಕಾಲಂನಲ್ಲಿ ಬರೀ ‘ವಾಣಿಜ್ಯ’. ಯಾವ ಊರಿನ ಯಾವ ತೋಟದಲ್ಲಿ, ಯಾವ ಬೆಳೆಗೆ ಎಂದು ಬರೆಸಿ.

ಪ್ರಶ್ನೆ: ಮಾಲು ಕಳಿಸುತ್ತಿಲ್ಲ. ಹಾರಾಟ ನಿಯಂತ್ರಣದ ಸೋರ್ಸ್ ಕೋಡನ್ನು ಜರ್ಮನಿಯ ಪಾಲುದಾರರಿಗೆ ಕ್ಲೌಡ್‌ನಲ್ಲಿ ತೆರೆದಿಡುತ್ತೇವೆ ಅಷ್ಟೇ. ಇದೂ ರಫ್ತೇ?

ಉತ್ತರ: ಹೌದು. ಪಟ್ಟಿಯಲ್ಲಿರುವ ತಂತ್ರಜ್ಞಾನ ಇಮೇಲ್‌ನಲ್ಲಿ ಹೋದರೂ ಡೌನ್‌ಲೋಡ್ ಆದರೂ ರಫ್ತೇ. ಜಿಎಇಡಿ ಇದೆಯಲ್ಲ ಎಂದು ಸುಮ್ಮನಿರಬೇಡಿ. ಅದರಲ್ಲಿ ಸಾಫ್ಟ್‌ವೇರ್ ಮತ್ತು ತಂತ್ರಜ್ಞಾನವನ್ನು ಹೊರಗಿಟ್ಟಿದ್ದಾರೆ. ಈಗಾಗಲೇ ಎಲ್ಲರಿಗೂ ಮುಕ್ತವಾಗಿರುವ ಕೋಡ್ ನಿಯಂತ್ರಣದಲ್ಲಿಲ್ಲ. ಅದರ ಮೇಲೆ ನೀವು ಬರೆದ ಖಾಸಗಿ ಭಾಗವನ್ನು ಬೇರೆ ಫೋಲ್ಡರಿನಲ್ಲಿಟ್ಟು, ಅದು ಪಟ್ಟಿಯ ಯಾವ ನಮೂದಿಗೆ ಬರುತ್ತದೆಂಬ ವರ್ಗೀಕರಣ ಮುಗಿಯುವವರೆಗೆ ವಿದೇಶಿ ಲಾಗಿನ್‌ಗಳಿಗೆ ಮುಚ್ಚಿಡಿ.

ಪ್ರಶ್ನೆ: ರಷ್ಯಾ, ಅಮೆರಿಕ ಒಂದೇ ಕೂಟದಲ್ಲಿದ್ದೂ ಪರಸ್ಪರ ನಂಬುವುದಿಲ್ಲ. ಚೀನಾ ಹೊರಗಿದೆ. ಹೀಗಿರುವಾಗ ಈ ಕೂಟಗಳಿಂದ ಏನು ಪ್ರಯೋಜನ? (ಧಾರವಾಡದ ವಿದ್ಯಾರ್ಥಿ)

ಉತ್ತರ: ಹಳೆಯ ಪಟ್ಟಿ ಉಳಿದಿದೆ, ಹೊಸದು ಸೇರುವುದು ಕಷ್ಟವಾಗಿದೆ. ವಾಸೆನಾರ್‌ನಲ್ಲಿ 42 ದೇಶಗಳೂ ಒಪ್ಪಿದರಷ್ಟೇ ಬದಲಾವಣೆ, ರಷ್ಯಾವೂ ಅದರಲ್ಲೊಂದು. 2022ರ ಉಕ್ರೇನ್ ಯುದ್ಧದ ನಂತರ ಒಮ್ಮತ ದುರ್ಲಭವಾಯಿತು. ಆದ್ದರಿಂದ ಬ್ರಿಟನ್, ಫ್ರಾನ್ಸ್, ಕೆನಡಾ, ಅಮೆರಿಕ ಮುಂತಾದವು 2024ರಲ್ಲಿ ಕ್ವಾಂಟಮ್ ಕಂಪ್ಯೂಟರಿಗೆ ಹೆಚ್ಚುಕಡಿಮೆ ಒಂದೇ ಮಾತಿನ ನಿಯಂತ್ರಣವನ್ನು, 34 ಕ್ಯೂಬಿಟ್‌ನಿಂದ (ಕ್ಯೂಬಿಟ್ ಎಂದರೆ ಅಂಥ ಕಂಪ್ಯೂಟರಿನ ಲೆಕ್ಕದ ಮೂಲ ಘಟಕ) ಶುರುವಾಗುವಂತೆ, ತಂತಮ್ಮ ಕಾನೂನಿನಲ್ಲೇ ತಂದವು. ಕೂಟದ ಹೊರಗಿರುವ ಚೀನಾ ಕೂಡ 2023ರ ಸೆಪ್ಟೆಂಬರ್‌ನಿಂದ ಕೆಲವು ಡ್ರೋನ್ ಮತ್ತು ಬಿಡಿಭಾಗಗಳಿಗೆ ಸ್ವಂತ ರಫ್ತು ನಿಯಂತ್ರಣ ಹಾಕಿದೆ. ಎಲ್ಲ ದೇಶಗಳನ್ನೂ ಕಟ್ಟಿಹಾಕುವುದು ಭದ್ರತಾ ಮಂಡಳಿಯ 2004ರ 1540ನೇ ನಿರ್ಣಯ. ಸಾಮೂಹಿಕ ವಿನಾಶದ ಅಸ್ತ್ರಗಳ ಕುರಿತ ನಮ್ಮ ಕಾಯ್ದೆ ಬಂದದ್ದು ಮರುವರ್ಷ, 2005ರಲ್ಲಿ. ಅಂಥ ಅಸ್ತ್ರಕ್ಕೆ ಬಳಕೆಯಾಗುತ್ತದೆಂದು ಗೊತ್ತಿದ್ದರೆ ಪಟ್ಟಿಯಲ್ಲಿಲ್ಲದ ಮಾಲನ್ನೂ ಕಳಿಸುವಂತಿಲ್ಲ.

ಪ್ರಶ್ನೆ: ವಿದೇಶದ ಮೇಳದಲ್ಲಿ ತೋರಿಸಿ ವಾಪಸ್ ತರುತ್ತೇವೆ. ಅದಕ್ಕೂ ಅನುಮತಿ ಬೇಕೇ?

ಉತ್ತರ: ಬೇಕು. ಗಡಿ ದಾಟಿದರೆ ರಫ್ತೇ. ಪ್ರದರ್ಶನಕ್ಕೆಂದು ಒಯ್ಯುವ ಮಾಲಿಗೆ ನಿಯಮದಲ್ಲಿ ಪ್ರತ್ಯೇಕ ಅವಕಾಶವಿದೆ. ಮೇಳದಲ್ಲಿ ಯಾರೋ ಒಳ್ಳೆಯ ಬೆಲೆ ಹೇಳಿದರೆಂದು ಅಲ್ಲೇ ಮಾರಿ ಬರಬೇಡಿ.