ಸಪ್ರೆಸರ್ ಟಿ ಸೆಲ್ಲು, ಟಿ-ರೆಗ್ಗು ಎರಡೂ ಒಂದೇನಾ?

ಪ್ರಶ್ನೆ: ಹಳೇ ಪುಸ್ತಕದಲ್ಲಿ ಸಪ್ರೆಸರ್ ಟಿ ಸೆಲ್ ಅಂತಿದೆ, ಹೊಸದ್ರಲ್ಲಿ ರೆಗ್ಯುಲೇಟರಿ ಟಿ ಸೆಲ್ (ಟಿ-ರೆಗ್) ಅಂತಾರೆ. ಎರಡೂ ಒಂದೇನಾ? ಇವು ಬೇರೆ ಸೆಲ್‌ಗಳನ್ನ ಹೆಂಗೆ ತಡೀತಾವೆ?

ಉತ್ತರ: ಐಡಿಯಾ ಒಂದೇ, ಆದ್ರೆ ಸೆಲ್ ಅದೇ ಅಂತ ಹೇಳೋಕಾಗಲ್ಲ. 1970ರ ಸುಮಾರಿಗೆ ಗರ್ಶನ್ ಮತ್ತೆ ಕೊಂಡೊ, ಕೆಲವು ಟಿ ಸೆಲ್‌ಗಳು (ಒಂದು ಬಗೆ ಬಿಳಿ ರಕ್ತಕಣ) ಇಮ್ಯೂನ್ ರೆಸ್ಪಾನ್ಸ್‌ನ, ಅಂದ್ರೆ ದೇಹದ ರಕ್ಷಣಾ ಹೋರಾಟನ, ತಗ್ಗಿಸ್ತಾವೆ ಅಂತ ಇಲಿಗಳಲ್ಲಿ ತೋರಿಸಿದ್ರು, ಆಮೇಲೆ ಎಲ್ರ ಬಾಯಲ್ಲೂ ಅದೇ ಮಾತು. 80ರ ದಶಕದಲ್ಲಿ ಇವುಗಳ ಗುರುತು ಅಂತ ನಂಬಿದ್ದ ಐ-ಜೆ ಮಾರ್ಕರ್‌ನ ಜೀನ್ ಹುಡುಕಿದ್ರೆ, ಇರಬೇಕಾದ ಜಾಗದಲ್ಲಿ ಜೀನೇ ಇಲ್ಲ! ಅಲ್ಲಿಗೆ ಸಪ್ರೆಸರ್ ಅನ್ನೋ ಹೆಸರೇ ಕೆಟ್ಟೋಯ್ತು. 1995ರಲ್ಲಿ ಶಿಮೊನ್ ಸಕಾಗುಚಿ ಮೈಮೇಲೆ ಸಿಡಿ4, ಸಿಡಿ25 ಅನ್ನೋ ಎರಡೂ ಪ್ರೋಟೀನ್ ಇರೋ ಟಿ ಸೆಲ್‌ಗಳನ್ನ ತೆಗೆದ್ರೆ ಇಲಿಗೆ ಆಟೋಇಮ್ಯೂನ್ ಕಾಯಿಲೆ (ದೇಹ ತನ್ನ ಮೇಲೇ ದಾಳಿ ಮಾಡೋದು) ಬರುತ್ತೆ ಅಂತ ತೋರಿಸಿದ ಮೇಲೆ, ಅದೇ ಐಡಿಯಾ ಬೇರೆ ಹೆಸರಲ್ಲಿ ವಾಪಸ್ ಬಂತು. 2025ರ ನೊಬೆಲ್ ಅವರಿಗೆ, ಜೊತೆಗೆ ಈ ಸೆಲ್‌ಗಳು ಬೆಳೆಯೋಕೆ ಬೇಕಾದ ಫಾಕ್ಸ್‌ಪಿ3 ಜೀನ್ ಪತ್ತೆ ಮಾಡಿದ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್‌ಗೆ ಸಿಕ್ತು.

ಈಗ ತಡೆಯೋ ವಿಷ್ಯ. ಬ್ರೇಕ್ ಅಂತಾರಲ್ಲ, ನನಗ್ಯಾಕೋ ಆ ಹೋಲಿಕೆ ಸರಿ ಅನ್ಸಲ್ಲ, ಇವು ಮಾಡೋದು ಹೆಚ್ಚಾಗಿ ಕಸಿಯೋ ಕೆಲಸ. ಟಿ ಸೆಲ್ ಹೆಚ್ಚಾಗ್ಬೇಕು ಅಂದ್ರೆ ಐಎಲ್-2 ಅನ್ನೋ ಸಂಕೇತದ ಪ್ರೋಟೀನ್ ಬೇಕು, ಟಿ-ರೆಗ್‌ಗಳ ಮೈತುಂಬಾ ಅದನ್ನ ಹಿಡಿಯೋ ಸಿಡಿ25 ಇರೋದ್ರಿಂದ ಪಕ್ಕದವರ ತುತ್ತನ್ನ ಇವೇ ನುಂಗಿಬಿಡ್ತಾವೆ. ಇನ್ನೊಂದು ಇನ್ನೂ ಮಜಾ: ಟಿ ಸೆಲ್‌ಗಳಿಗೆ ರೋಗಾಣುವಿನ ತುಣುಕು ತೋರಿಸೋ ಡೆಂಡ್ರಿಟಿಕ್ ಸೆಲ್ ಮೈಮೇಲೆ ಸಿಡಿ80, ಸಿಡಿ86 ಅನ್ನೋ ಪ್ರೋಟೀನ್‌ಗಳಿರ್ತಾವೆ, ಹೊಸ ಟಿ ಸೆಲ್‌ಗೆ "ಹೂಂ, ಶುರು ಮಾಡು" ಅಂತ ಹೇಳೋದು ಅವೇ, ಟಿ-ರೆಗ್ ಬಂದು ಅಂಟ್ಕೊಂಡು ತನ್ನ ಸಿಟಿಎಲ್‌ಎ-4 ಅನ್ನೋ ಪ್ರೋಟೀನ್‌ನಿಂದ ಅವನ್ನ ಕಿತ್ತು ಒಳಗೆಳ್ಕೊಂಡು ಅರಗಿಸಿಬಿಡುತ್ತೆ. ಡೆಂಡ್ರಿಟಿಕ್ ಸೆಲ್ ಅಲ್ಲೇ ಇರುತ್ತೆ, ಹೇಳೋಕೆ ಬಾಯಿಲ್ಲ ಅಷ್ಟೆ. ಇದಲ್ದೆ ಐಎಲ್-10, ಟಿಜಿಎಫ್-ಬೀಟಾ ಅನ್ನೋ ತಣ್ಣಗಾಗಿಸೋ ಪ್ರೋಟೀನ್‌ಗಳನ್ನೂ ಬಿಡ್ತಾವೆ.

ರಕ್ತದ ಸಿಡಿ4 ಸೆಲ್‌ಗಳಲ್ಲಿ ಇವು ಸುಮಾರು 5-10% ಅಷ್ಟೇ. ಆದ್ರೆ ಫಾಕ್ಸ್‌ಪಿ3 ಜೀನ್ ಕೆಟ್ಟು ಹುಟ್ಟಿದ ಗಂಡುಮಕ್ಕಳಿಗೆ ಐಪೆಕ್ಸ್ ಅನ್ನೋ ಕಾಯಿಲೆ ಬಂದು, ನಿಲ್ಲದ ಭೇದಿ, ಎಕ್ಸಿಮಾ, ಹಸುಗೂಸಲ್ಲೇ ಡಯಾಬಿಟಿಸ್ ಎಲ್ಲಾ ಶುರುವಾಗುತ್ತೆ. ಹಂಗಂತ ಇವು ಜಾಸ್ತಿ ಇದ್ರೆ ಒಳ್ಳೇದು ಅನ್ಕೋಬೇಡಿ, ಗೆಡ್ಡೆಯೊಳಗೆ ಇದೇ ಸೆಲ್‌ಗಳು ಕ್ಯಾನ್ಸರ್‌ಗೆ ಕಾವಲು ನಿಂತಿರ್ತಾವೆ. ಕ್ಯಾನ್ಸರ್‌ಗೆ ಕೊಡೋ ಇಪಿಲಿಮುಮ್ಯಾಬ್ ಅನ್ನೋ ಔಷಧಿ ಆ ಸಿಟಿಎಲ್‌ಎ-4ನೇ ಕಟ್ಟಿಹಾಕುತ್ತೆ, ತಗೊಂಡವರಲ್ಲಿ ಕೆಲವರಿಗೆ ಕರುಳು ಉರಿ ಎದ್ದು ಭೇದಿ ಹತ್ಕೊಳ್ಳುತ್ತೆ.