ಮೊದಲು ಮಾಯೆಯ ನಿಯಮ, ಆಮೇಲೆ ಪಾತ್ರ ಅಂದುಕೊಂಡು ಎರಡು ವರ್ಷ ಕಳೆದೆ

ಫ್ಯಾಂಟಸಿ ಕಾದಂಬರಿಗೆ ಏಳು ಬಗೆಯ ಮಾಯಾಶಕ್ತಿ ಸಾಕಾ, ಅದರ ನಿಯಮವೆಲ್ಲ ಮುಗಿದ ಮೇಲೆ ಪಾತ್ರಗಳನ್ನು ಶುರು ಮಾಡಲಾ ಅಂತ ಕೇಳಿದ್ದೀರಿ. ನಂದು ಒಂಬತ್ತು ಬಗೆ ಇತ್ತು ಸ್ವಾಮಿ.

ಎರಡು ವರ್ಷ ದಿನಾ ರಾತ್ರಿ ಊಟ ಮುಗಿಸಿ ಎಕ್ಸೆಲ್ ಶೀಟ್ ತುಂಬಿಸುತ್ತಿದ್ದೆ. ಅದನ್ನೇ ಕಾದಂಬರಿ ಬರೆಯುವುದು ಅಂದುಕೊಂಡಿದ್ದೆ. ನನ್ನ ಲೋಕದಲ್ಲಿ ಮಂತ್ರ ಹಾಕುವವರು ತಮ್ಮ ನೆನಪನ್ನೇ ಬೆಲೆಯಾಗಿ ಕೊಡಬೇಕು. ದೀಪ ಹೊತ್ತಿಸಲು ಒಂದು ದಿನದ ನೆನಪು, ಗಾಯ ಮಾಯಿಸಲು ಒಂದು ತಿಂಗಳು, ಹೊಳೆ ತಿರುಗಿಸಲು ಒಂದು ವರ್ಷ. ಲೆಕ್ಕ ಎಲ್ಲೂ ತಪ್ಪುತ್ತಿರಲಿಲ್ಲ, ಅದೇ ಜಂಬ ನನಗೆ.

ಹನ್ನೊಂದನೇ ಅಧ್ಯಾಯದಲ್ಲಿ ನಾಯಕಿ ಊರು ಉಳಿಸಲು ಹೊಳೆ ತಿರುಗಿಸುತ್ತಾಳೆ. "ಅವಳ ಒಂದು ವರ್ಷದ ನೆನಪು ಹೋಯಿತು" ಅಂತ ಬರೆದು ಮುಂದೆ ಹೋಗಿದ್ದೆ. ತಂಗಿಗೆ ಓದಲು ಕೊಟ್ಟೆ. ಅವಳು ಕೇಳಿದ್ದು ಒಂದೇ: "ಯಾವ ವರ್ಷ ಅಣ್ಣಾ?"

ನನಗೆ ಗೊತ್ತಿರಲಿಲ್ಲ.

ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕಂದ್ರೆ ಇಲ್ಲೇ ನಾನು ಮುಗ್ಗರಿಸಿದ್ದು. ಎಷ್ಟು ಹೋಯಿತು ಅನ್ನುವುದು ಪಾಸ್‌ಬುಕ್ಕಿನ ಹಾಗೆ ಪಕ್ಕಾ ಇತ್ತು, ಏನು ಹೋಯಿತು ಅನ್ನುವುದು ಇರಲೇ ಇಲ್ಲ. ಇರುವುದಾದರೂ ಹೇಗೆ, ಆ ಹುಡುಗಿಗೆ ಕಳೆದುಕೊಳ್ಳುವಂಥ ಒಂದು ವರ್ಷವನ್ನೇ ನಾನು ಕೊಟ್ಟಿರಲಿಲ್ಲವಲ್ಲ. ಅವಳಿಗೆ ಮನೆ ಇಲ್ಲ, ಯಾರ ಮೇಲೂ ಸಿಟ್ಟಿಲ್ಲ, ಯಾರಿಗೂ ಸುಳ್ಳು ಹೇಳಿದವಳಲ್ಲ, ಸುಮ್ನೆ ಮಂತ್ರ ಹಾಕುವ ಕೈ ಅಷ್ಟೇ. ಒಂದರ ಬದಲು ಹತ್ತು ವರ್ಷ ಹೋದರೂ ಓದುವವರಿಗೆ ಏನೂ ಅನ್ನಿಸುತ್ತಿರಲಿಲ್ಲ. ನಾನು ಮಾಡಿದ್ದೇನು ಗೊತ್ತಾ? ಬೆಲೆ ಸಾಲಲಿಲ್ಲವೇನೋ ಅಂತ ಶೀಟಿನಲ್ಲಿ ಒಂದು ವರ್ಷವನ್ನು ಮೂರು ಮಾಡಿದೆ! ಅದರಲ್ಲೇ ಇನ್ನೂ ನಾಲ್ಕು ತಿಂಗಳು ಹೋಯಿತು.

ನಾನು ಕರಾವಳಿಯವನು, ಯಕ್ಷಗಾನ ನೋಡಿಯೇ ಬೆಳೆದವನು. ಆದರೂ ಹೊಳೆಯಲಿಲ್ಲ ನೋಡಿ. ಕರ್ಣನ ಸರ್ಪಾಸ್ತ್ರದ ಸನ್ನಿವೇಶ ಗೊತ್ತಲ್ಲ? ಕೃಷ್ಣ ರಥವನ್ನು ಕೆಳಗೆ ಅದುಮುತ್ತಾನೆ, ಬಾಣ ಅರ್ಜುನನ ಕಿರೀಟ ಹಾರಿಸಿ ಗುರಿ ತಪ್ಪುತ್ತದೆ. ಬಾಣದಲ್ಲಿದ್ದ ಅಶ್ವಸೇನ ಎಂಬ ಹಾವು ವಾಪಸ್ ಬಂದು ಇನ್ನೊಮ್ಮೆ ತೊಡು ಅನ್ನುತ್ತದೆ. ಖಾಂಡವ ವನ ಸುಟ್ಟಾಗ ಅಮ್ಮನನ್ನು ಕಳೆದುಕೊಂಡ ಹಾವು ಅದು, ಅದಕ್ಕೂ ಅರ್ಜುನನ ಮೇಲೆ ಹಗೆ. ಕರ್ಣ ಒಲ್ಲೆ ಅನ್ನುತ್ತಾನೆ. ಒಮ್ಮೆ ತೊಟ್ಟ ಬಾಣವನ್ನು ಮತ್ತೆ ತೊಡುವುದಿಲ್ಲ ಎಂದು ಕುಂತಿಗೆ ಮಾತು ಕೊಟ್ಟಿದ್ದಾನೆ. ರಂಗದ ಮೇಲೆ ಇರುವುದು ಬರೀ ಕೋಲಿನಂಥ ಬಿಲ್ಲು ಬಾಣ, ಬೆಂಕಿಯಿಲ್ಲ, ಗ್ರಾಫಿಕ್ಸ್ ಇಲ್ಲ. ಆದರೂ ನನ್ನಜ್ಜಿ ಬೆಳಗಿನ ಜಾವದ ಆ ಹೊತ್ತಿಗೆ ಸೆರಗಿನಲ್ಲಿ ಕಣ್ಣೊರೆಸುತ್ತಿದ್ದಳು. ಹಾವು ಬಾಣದೊಳಗೆ ಹೇಗೆ ಸೇರಿತು ಅಂತ ಅಜ್ಜಿ ಒಂದು ದಿನವೂ ಕೇಳಿದ್ದಿಲ್ಲ.

ನಿಯಮ ಬೇಡ ಅಂತಲ್ಲ. ಕರ್ಣನಿಗೆ ಇಂದ್ರ ಕೊಟ್ಟ ಶಕ್ತ್ಯಾಯುಧಕ್ಕೂ ನಿಯಮವಿದೆ, ಒಂದೇ ಸಲ ಬಳಸಬೇಕು. ಒಂದು ಸಾಲಿನಲ್ಲಿ ಮುಗಿಯಿತು. ಅರ್ಜುನನಿಗೆಂದು ಕಾಪಿಟ್ಟದ್ದನ್ನು ಘಟೋತ್ಕಚನ ಮೇಲೆ ಬಿಡಬೇಕಾಗಿ ಬಂತಲ್ಲ, ಕಥೆ ಇರುವುದು ಅಲ್ಲಿ.

ಹಾಗಾಗಿ ಏಳೋ ಒಂಬತ್ತೋ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ನಿಮ್ಮ ನಾಯಕ ಯಾರ ಮುಖ ನೋಡಲು ಹೆದರುತ್ತಾನೆ, ಯಾವ ಮಾತು ಮುರಿಯಲಾರ, ಅದನ್ನು ಮೊದಲು ಬರೆಯಿರಿ. ಶಕ್ತಿಗಳನ್ನು ಆಮೇಲೆ ಬೇಕಾದಷ್ಟು ಸೇರಿಸಬಹುದು.

ನಾನು ಆ ಅಧ್ಯಾಯವನ್ನು ಮತ್ತೆ ಬರೆದೆ. ಈಗ ಹೋಗುವುದು ಅಪ್ಪ ಅವಳಿಗೆ ಈಜು ಕಲಿಸಿದ ವರ್ಷ. ಊರು ಉಳಿಯುತ್ತದೆ. ಮಾರನೇ ದಿನ ತಮ್ಮ ಆಚೆ ದಡದಿಂದ "ಬಾರೇ ಅಕ್ಕಾ, ಹಾರು" ಅಂತ ಕೂಗಿದರೆ, ಇವಳು ನೀರಿನಂಚಲ್ಲಿ ನಡುಗುತ್ತಾ ನಿಂತಿರುತ್ತಾಳೆ. ಯಾಕೆ ಅಂತ ಅವಳಿಗೇ ಗೊತ್ತಿಲ್ಲ.

ತಂಗಿ ಓದಿ ಮುಂದಿನ ಅಧ್ಯಾಯ ಎಲ್ಲಿ ಅಂದಳು. ಇನ್ನೂ ಬರೆದಿಲ್ಲ.