ಲಾಂಛನದ ಪಾರಿವಾಳ ಯಾವ ಕಡೆ ನೋಡಬೇಕು?

ಪ್ರಶ್ನೆ: ನಮ್ಮ ಧರ್ಮಕೇಂದ್ರದ ಭಾನುವಾರದ ಧರ್ಮೋಪದೇಶ ತರಗತಿಗೆ ಲಾಂಛನ ಮಾಡಿಸುತ್ತಿದ್ದೇವೆ. ಶಿಲುಬೆ, ತೆರೆದ ಬೈಬಲ್, ಪಾರಿವಾಳ, ಬೆಂಕಿಯ ನಾಲಿಗೆ, ಪಾನಪಾತ್ರೆ, ದ್ರಾಕ್ಷಿಬಳ್ಳಿ, ಮೀನು, ಆಲ್ಫಾ-ಒಮೇಗಾ (ಗ್ರೀಕಿನ ಮೊದಲ, ಕೊನೆಯ ಅಕ್ಷರಗಳು) ಎಲ್ಲವೂ ಬೇಕೆಂದು ಟೀಚರುಗಳ ಆಸೆ. ಟೀ-ಶರ್ಟಿನ ಎದೆಯ ಮೇಲೆ 7 ಸೆಂ.ಮೀ. ಜಾಗದಲ್ಲಿ ಇಷ್ಟು ಹಿಡಿಯದು ಎನ್ನುತ್ತಾರೆ ಎಂಬ್ರಾಯ್ಡರಿಯವರು. ಯಾವುದನ್ನು ಬಿಡಲಿ? ಮೇಣದಬತ್ತಿ ಬದಲು ಹಣತೆ ಹಾಕಬಹುದೇ?
– ಧರ್ಮೋಪದೇಶ ಶಿಕ್ಷಕಿ, ಲಿಂಗರಾಜಪುರ, ಬೆಂಗಳೂರು

ಉತ್ತರ: ಎಂಬ್ರಾಯ್ಡರಿಯವರ ಮಾತು ಕೇಳಿ. 1 ಮಿ.ಮೀ.ಗಿಂತ ಸಣ್ಣ ಗೆರೆಗಳು ದಾರದಲ್ಲಿ ಒಂದಕ್ಕೊಂದು ಅಂಟಿಕೊಂಡು, ಪಾರಿವಾಳ ಕೋಳಿಯಾಗಿಬಿಡುತ್ತದೆ.

ನಿಮ್ಮ ಪಟ್ಟಿಯಲ್ಲಿ ಒಂದೇ ಮಾತನ್ನು ಎರಡು ಸಲ ಹೇಳುವ ಚಿತ್ರಗಳಿವೆ. ಪಾರಿವಾಳ, ಬೆಂಕಿ ಎರಡೂ ಪವಿತ್ರಾತ್ಮರ ಗುರುತೇ. ಮೊದಲನೆಯದು ಯೇಸುಸ್ವಾಮಿಯ ಸ್ನಾನದೀಕ್ಷೆಯದು (ಮತ್ತಾಯ 3:16), ಎರಡನೆಯದು ಪ್ರೇಷಿತರ ಮೇಲೆ ಪವಿತ್ರಾತ್ಮರು ಇಳಿದ ಪಂಚಾಶತ್ತಮ ದಿನದ್ದು (ಪ್ರೇಷಿತರ ಕಾರ್ಯಕಲಾಪಗಳು 2:3). ಮಕ್ಕಳನ್ನು ದೃಢೀಕರಣಕ್ಕೆ (ಪವಿತ್ರಾತ್ಮರ ವರ ಪಡೆಯುವ ಸಂಸ್ಕಾರಕ್ಕೆ) ಸಿದ್ಧಪಡಿಸುವ ತರಗತಿಗೆ ಬೆಂಕಿಯೇ ಒಪ್ಪುತ್ತದೆ. ಪಾರಿವಾಳವೇ ಬೇಕೆಂದರೆ ತಲೆ ಕೆಳಗಿರಲಿ, ಅದು ಇಳಿದು ಬರುವ ಹಕ್ಕಿ. ಕೊಕ್ಕಿಗೆ ಎಲೆ ಕೊಟ್ಟಿರೋ, ಅದು ಜಲಪ್ರಳಯದ ಕಥೆಯ ನೋಹನ ಪಾರಿವಾಳ! ಅದರ ಕಥೆಯೇ ಬೇರೆ.

ಬಳ್ಳಿಯನ್ನು ಪಾನಪಾತ್ರೆಯ ಪಕ್ಕದಲ್ಲಿ ಇಡಬೇಡಿ. ಇಟ್ಟರೆ ನೋಡುವವರಿಗೆ ದ್ರಾಕ್ಷಾರಸ ಮಾತ್ರ ಕಾಣುತ್ತದೆ, 'ನಾನು ಬಳ್ಳಿ, ನೀವು ಕವಲುಗಳು' (ಯೊವಾನ್ನ 15:5) ಎಂಬುದು ಕಾಣುವುದಿಲ್ಲ. ಮೀನನ್ನು ಧಾರಾಳವಾಗಿ ಬಿಡಿ. ಅದರ ಗ್ರೀಕ್ ಹೆಸರು 'ಯೇಸುಕ್ರಿಸ್ತ, ದೇವರ ಪುತ್ರ, ಉದ್ಧಾರಕ' ಎಂಬರ್ಥದ ಐದು ಗ್ರೀಕ್ ಪದಗಳ ಮೊದಲಕ್ಷರಗಳ ಜೋಡಣೆ. ವಿವರಿಸದೆ ಮಕ್ಕಳಿಗೆ ತಿಳಿಯದು.

ಆಲ್ಫಾ-ಒಮೇಗಾ ಬೈಬಲಿನ ಎರಡು ಪುಟಗಳಲ್ಲಿ ಚೆನ್ನಾಗಿ ಕೂರುತ್ತವೆ: ಎಡಕ್ಕೆ ಆಲ್ಫಾ, ಬಲಕ್ಕೆ ಒಮೇಗಾ. ಇಲ್ಲೇ ಒಂದು ಮೋಸವಿದೆ. ಎಂಬ್ರಾಯ್ಡರಿ ಬದಲು ಹೀಟ್ ಪ್ರೆಸ್‌ನಲ್ಲಿ (ಬಿಸಿ ಒತ್ತಿನಿಂದ) ಅಂಟಿಸುವುದಾದರೆ ಚಿತ್ರವನ್ನು ಹಾಳೆಯ ಮೇಲೆ ತಿರುಗುಮುರುಗಾಗಿ ಅಚ್ಚು ಹಾಕಬೇಕು. ಅದನ್ನು ಮರೆತರೆ ಒಮೇಗಾ ಎಡಕ್ಕೆ ಬರುತ್ತದೆ. ಎರಡೂ ದೊಡ್ಡಕ್ಷರಗಳು ಕನ್ನಡಿಯಲ್ಲೂ ಹಾಗೇ ಕಾಣುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ನೂರು ಅಂಗಿಗೆ ಹೇಳುವ ಮುಂಚೆ ಒಂದನ್ನು ತೊಡಿಸಿ ನೋಡಿ.

ಹಣತೆ ತಪ್ಪಲ್ಲ. 1969ರಲ್ಲಿ ರೋಮ್ ಭಾರತದ ಬಲಿಪೂಜೆಗೆ ಒಪ್ಪಿದ 12 ಅಂಶಗಳಲ್ಲಿ ಮೇಣದಬತ್ತಿಯ ಬದಲು ಎಣ್ಣೆದೀಪ ಬಳಸುವುದೂ ಒಂದು. 'ನಿನ್ನ ವಾಕ್ಯ ನನ್ನ ಕಾಲಿಗೆ ದೀಪ' ಎಂಬ 119ನೇ ಕೀರ್ತನೆಯ ಕಾಲದಲ್ಲಿ ಉರಿಯುತ್ತಿದ್ದುದೂ ಎಣ್ಣೆಯೇ. ಆದರೆ ನೀವು ಹೇಳಹೊರಟಿರುವುದು ಪಾಸ್ಕದ (ಈಸ್ಟರ್ ಹಬ್ಬದ) ದೀಪವಾದರೆ ಮೇಣದಬತ್ತಿಯನ್ನೇ ಬರೆಸಿ.

ಬಣ್ಣ ಮೂರು ಮೀರದಿರಲಿ. ನೇರಳೆ ಬೇಡ, ಅದು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ, ಕ್ರಿಸ್ಮಸ್‌ಗೆ ಮುಂಚಿನ ಆಗಮನಕಾಲದ ಬಣ್ಣ. ಅಡ್ಡಡ್ಡ ಇಟ್ಟ ಬೀಗದ ಕೈಗಳನ್ನೂ ಬಿಷಪರ ಕಿರೀಟವನ್ನೂ ಅಂದಕ್ಕೆಂದು ಸೇರಿಸುವವರಿದ್ದಾರೆ; ಅವು ಪದವಿಯ ಚಿಹ್ನೆಗಳು, ತರಗತಿಗೆ ಸೇರಿದ್ದಲ್ಲ.

ಮಾದರಿ ಬೇಕಿದ್ದರೆ 1992ರ 'ಕಥೋಲಿಕ ಧರ್ಮಸಭೆಯ ಧರ್ಮೋಪದೇಶ' ಗ್ರಂಥದ ಲಾಂಛನ ನೋಡಿ. ರೋಮಿನ ದೊಮಿತಿಲ್ಲಾ ಭೂಗತ ಸಮಾಧಿಗಳಲ್ಲಿರುವ ಮೂರನೇ ಶತಮಾನದ ಕಲ್ಲಿನಿಂದ ತೆಗೆದದ್ದು. ಮರದಡಿ ಕುರುಬ, ಕೈಯಲ್ಲಿ ಕೋಲು, ಕೊಳಲು, ಕಾಲ ಬಳಿ ಕುರಿ. ಕುರಿ ವಿಶ್ವಾಸಿಗಳು, ಕೋಲು ಕ್ರಿಸ್ತರ ಅಧಿಕಾರ, ಕೊಳಲು ಸತ್ಯದ ಇಂಪು, ಮರ ಶಿಲುಬೆ. ನಾಲ್ಕು ಅರ್ಥ, ಒಂದೇ ದೃಶ್ಯ. ನಿಮ್ಮದೂ ಹಾಗಿರಲಿ: ತೆರೆದ ಬೈಬಲ್, ಅದರಿಂದ ಎದ್ದ ಶಿಲುಬೆ, ಬುಡದಲ್ಲಿ ಹಣತೆಯ ಕೆಂಪು ಜ್ವಾಲೆ. ಆ ಜ್ವಾಲೆಯೇ ಪವಿತ್ರಾತ್ಮರ ಬೆಂಕಿಯೂ ಆಯಿತು.

ಸುತ್ತ 'ಕಥೋಲಿಕ' ಎಂದು ಬರೆಸುವುದಾದರೆ ಮೊದಲು ಧರ್ಮಕೇಂದ್ರದ ಗುರುಗಳ ಮೂಲಕ ಒಪ್ಪಿಗೆ ಕೇಳಿ. ಧರ್ಮಸಭೆಯ ಕಾನೂನಿನ 216ನೇ ನಿಯಮದಂತೆ, ಅಧಿಕಾರಿಗಳ ಒಪ್ಪಿಗೆಯಿಲ್ಲದೆ ಯಾವ ಕಾರ್ಯಕ್ಕೂ ಆ ಹೆಸರಿಡುವಂತಿಲ್ಲ.